ಐದು ಜನ ಲಕ್ಷ್ಮಮ್ಮಂದಿರು, ಒಂದು ಕ್ಯಾನ್ ನಂಬರ್: ಹಳ್ಳಿ ಡೇರಿಯೊಂದರ ಡೇಟಾಬೇಸ್ ಪ್ರಕರಣ

ಹಳೇ ಮೈಸೂರು ಕಡೆಯ ಒಂದು ಹಳ್ಳಿ. ಅಲ್ಲಿನ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ನಡೆದ ಪ್ರಕರಣ ಇದು. ಊರಲ್ಲಿ ಯಾರೂ ಅಷ್ಟುದ್ದ ಹೆಸರು ಹೇಳುವುದಿಲ್ಲ, ಡೇರಿ ಅಂತಲೇ ಕರೆಯುತ್ತಾರೆ. ನಾನೂ ಹಾಗೇ ಬರೆಯುತ್ತೇನೆ. ಊರು ಯಾವುದು ಅಂತ ಹೇಳುವುದಿಲ್ಲ. ಜನರ ಹೆಸರು, ಕ್ಯಾನ್ ನಂಬರು, ಲೆಕ್ಕದ ಅಂಕಿಗಳನ್ನು ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಆದ ತಪ್ಪುಗಳನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ. ಅದರಲ್ಲಿ ನನ್ನವೂ ಇವೆ.

ಡಿಬಿಎಂಎಸ್, ಅಂದರೆ ಡೇಟಾಬೇಸ್ ನೋಡಿಕೊಳ್ಳುವ ಸಾಫ್ಟ್‌ವೇರ್, ಅನ್ನುವುದನ್ನು ನಾವು ಕಾಲೇಜಿನಲ್ಲಿ ಪರೀಕ್ಷೆಗೆ ಓದಿರುತ್ತೇವೆ. ಪ್ರೈಮರಿ ಕೀ ಎಂದರೇನು, ನಾರ್ಮಲೈಸೇಷನ್ ಎಂದರೇನು ಅಂತ ಐದು ಮಾರ್ಕಿನ ಉತ್ತರ ಬರೆದು ಮರೆತಿರುತ್ತೇವೆ. ನನಗೆ ಅವುಗಳ ಅರ್ಥ ನಿಜವಾಗಿ ತಿಳಿದದ್ದು ಈ ಡೇರಿಯ ಜಗಲಿಯ ಮೇಲೆ.

ಹಿನ್ನೆಲೆ

ಡೇರಿಗೆ 215 ಸದಸ್ಯರು. ಬೆಳಿಗ್ಗೆ ಆರಕ್ಕೆ ಮತ್ತು ಸಂಜೆ ಆರಕ್ಕೆ ಕ್ಯಾನ್ ಹಿಡಿದು ಸಾಲು ನಿಲ್ಲುತ್ತಾರೆ. ಹಾಲು ಅಳೆಯುತ್ತಾರೆ, ಸ್ಯಾಂಪಲ್ ತೆಗೆದು ಮೆಷಿನ್‌ಗೆ ಹಿಡಿಯುತ್ತಾರೆ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಘನಾಂಶ) ಎಷ್ಟು ಅಂತ ಬರುತ್ತದೆ. ಅದರ ಮೇಲೆ ದರ. ದಿನಕ್ಕೆ ಸುಮಾರು 400 ಸಾಲು ಬರೆಯಬೇಕು. ತಿಂಗಳಿಗೆ 12,000 ಆಯಿತು. 15 ದಿನಕ್ಕೊಮ್ಮೆ ಬಟವಾಡೆ. ಸಾಲಕ್ಕೆ ಕೊಂಡ ಪಶು ಆಹಾರದ ದುಡ್ಡನ್ನು ಅದರಲ್ಲೇ ಮುರಿದುಕೊಳ್ಳುತ್ತಾರೆ. ಇದಲ್ಲದೆ ಲೀಟರಿಗೆ ಇಷ್ಟು ಅಂತ ಸರ್ಕಾರದ ಪ್ರೋತ್ಸಾಹಧನ ನೇರ ಬ್ಯಾಂಕ್ ಖಾತೆಗೆ ಹೋಗುತ್ತದೆ. ಹಾಗಾಗಿ ಯಾರು ಎಷ್ಟು ಲೀಟರ್ ಹಾಕಿದರು ಅನ್ನುವ ಲೆಕ್ಕ ಎರಡು ಕಡೆ ದುಡ್ಡಾಗುತ್ತದೆ. ತಪ್ಪಿದರೆ ಎರಡು ಕಡೆಯೂ ತಪ್ಪುತ್ತದೆ.

ಲೆಕ್ಕ ನೋಡುವವರು ಇಬ್ಬರು. ಒಬ್ಬರು ಕಾರ್ಯದರ್ಶಿ. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ನಾನು ಅಕ್ಕ ಅನ್ನುತ್ತೇನೆ. ಇನ್ನೊಬ್ಬರು ಹಾಲು ಪರೀಕ್ಷೆ ಮಾಡುವ ಹಿರಿಯರು, ಊರಿನ ಲೆಕ್ಕದಲ್ಲಿ ನನಗೆ ಮಾವ. ಅಕ್ಕ ಮೊದಲು ದಪ್ಪ ಲೆಡ್ಜರ್‌ನಲ್ಲಿ ಬರೆಯುತ್ತಿದ್ದರು. ಆಮೇಲೆ ತಾವೇ ಎಕ್ಸೆಲ್ ಕಲಿತು ಅದಕ್ಕೆ ಹಾಕಿದ್ದರು. ಯಾರೂ ಹೇಳಿಕೊಟ್ಟಿರಲಿಲ್ಲ. ತಿಂಗಳಿಗೊಂದು ಶೀಟು. ಪ್ರತಿ ಸಾಲಿನಲ್ಲೂ ತಾರೀಕು, ಹೊತ್ತು, ಸದಸ್ಯರ ಹೆಸರು, ಫೋನ್, ಬ್ಯಾಂಕ್ ಖಾತೆ, ಐಎಫ್‌ಎಸ್‌ಸಿ ಕೋಡ್, ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ, ಮೊತ್ತ. ಅಚ್ಚುಕಟ್ಟಾಗಿತ್ತು. ಆ ಎಕ್ಸೆಲ್ ನೋಡಿ ಮೂಗು ಮುರಿಯುವ ಸಾಫ್ಟ್‌ವೇರ್ ಜನ ಇದ್ದಾರೆ. ನನಗಂತೂ ಅದರ ಬಗ್ಗೆ ಗೌರವವಿದೆ. ಎಷ್ಟೋ ವರ್ಷ ಊರಿನ ದುಡ್ಡು ಅದರ ಮೇಲೇ ನಡೆದಿದೆ.

ನಾನು ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದ ಕಾಲ, 2021. ಒಂದು ಸಂಜೆ ಅಕ್ಕ ಲ್ಯಾಪ್‌ಟಾಪ್ ಸಮೇತ ಮನೆಗೆ ಬಂದರು.

ಎಲ್ಲಿ ಎಡವಿತು

ಮೊದಲ ಏಟು ಬ್ಯಾಂಕ್ ವಿಲೀನದ ನೆಪದಲ್ಲಿ ಬಿತ್ತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೆ ಸೇರಿತು. 2021ರ ಜುಲೈನಿಂದ ಹಳೇ ಐಎಫ್‌ಎಸ್‌ಸಿ ಕೋಡ್ ನಡೆಯುವುದಿಲ್ಲ, ಹೊಸದು ಹಾಕಿ ಅಂತ ಮೊದಲೇ ಹೇಳಿದ್ದರು. ಅಕ್ಕ ಮರೆತಿರಲಿಲ್ಲ. ಕೂತು ಬದಲಿಸಿದ್ದರು. ಆದರೆ ಒಬ್ಬ ಸದಸ್ಯರ ಕೋಡ್ ಒಂದು ಶೀಟಿನಲ್ಲೇ 60 ಸಲ ಬರುತ್ತದೆ, ದಿನಕ್ಕೆರಡು ಸಲದಂತೆ. ಬಟವಾಡೆ ಶೀಟು ಬೇರೆ, ಪಶು ಆಹಾರದ ಶೀಟು ಬೇರೆ, ಪ್ರೋತ್ಸಾಹಧನದ ಪಟ್ಟಿ ಬೇರೆ. ಮೂರರಲ್ಲಿ ಬದಲಾಯಿತು, ನಾಲ್ಕನೆಯದರಲ್ಲಿ ಕೆಲವು ಉಳಿದವು. ಆ ಸಲ ಏಳು ಜನರ ದುಡ್ಡು ವಾಪಸ್ ಬಂತು.

ಎರಡನೆಯದು ಇನ್ನೂ ನೋವಿನದು. ಊರಲ್ಲಿ ಡೇರಿಗೆ ಹಾಲು ಹಾಕುವ ಲಕ್ಷ್ಮಮ್ಮಂದಿರು ಐದು ಜನ. ಗೊಂದಲ ಆಗಬಾರದು ಅಂತ ಅಕ್ಕ ನಮ್ಮ ಕಡೆಯ ಪಹಣಿ, ಪತ್ರಗಳಲ್ಲಿ ಬರೆಯುವ ಹಾಗೆ ‘ಕೋಂ’, ‘ಬಿನ್’ ಹಾಕುತ್ತಿದ್ದರು. ಲಕ್ಷ್ಮಮ್ಮ ಕೋಂ ನಂಜೇಗೌಡ, ಲಕ್ಷ್ಮಮ್ಮ ಕೋಂ ಸಿದ್ದೇಗೌಡ, ಹೀಗೆ. ಹೆಸರು ಒಂದೇ ಸಾಲದು, ಗಂಡನದೋ ಅಪ್ಪನದೋ ಹೆಸರು ಸೇರಿಸಿದರೆ ಯಾರು ಅಂತ ಗೊತ್ತಾಗುತ್ತದೆ. ಡೇಟಾಬೇಸ್‌ನವರು ಕಾಂಪೋಸಿಟ್ ಕೀ ಅನ್ನುವುದು ಇದನ್ನೇ. ನಮ್ಮ ಶಾನುಭೋಗರಿಗೆ ಅದು ಎಂದೋ ಗೊತ್ತಿತ್ತು ನೋಡಿ.

ಆದರೆ ಲಕ್ಷ್ಮಮ್ಮ ಕೋಂ ನಂಜೇಗೌಡ ಇಬ್ಬರಿದ್ದರು. ಒಬ್ಬರು ಮೇಲಿನ ಕೇರಿ, ಇನ್ನೊಬ್ಬರು ಕೆರೆ ಹಿಂದಿನ ತೋಟದ ಮನೆ. ಖಾತೆ ನಂಬರ್ ಹುಡುಕಿ ತರಲು ಅಕ್ಕ ವಿಲುಕಪ್ ಸೂತ್ರ ಹಾಕಿದ್ದರು. ಆ ಸೂತ್ರ ಮೇಲಿಂದ ಹುಡುಕುತ್ತಾ ಮೊದಲು ಸಿಕ್ಕಿದ್ದನ್ನು ಎತ್ತಿಕೊಡುತ್ತದೆ, ಇನ್ನೊಂದು ಇದೆಯಾ ಅಂತ ನೋಡುವುದೇ ಇಲ್ಲ. ಎರಡು ಬಟವಾಡೆ, ಅಂದರೆ ಒಂದು ತಿಂಗಳ ಹಾಲಿನ ದುಡ್ಡು, ತೋಟದ ಮನೆಯವರದು ಮೇಲಿನ ಕೇರಿಯವರ ಖಾತೆಗೆ ಹೋಯಿತು. ಮಗಳ ಹಾಸ್ಟೆಲ್ ಫೀಸ್ ಕಟ್ಟಲು ಬ್ಯಾಂಕಿಗೆ ಹೋದ ದಿನ ಅವರಿಗೆ ಇದು ತಿಳಿದದ್ದು. ಅಲ್ಲಿಂದ ಸೀದಾ ಡೇರಿಗೆ ಬಂದರು. ಕೂಗಾಡಲಿಲ್ಲ. "ನಾನ್ ಹಾಲು ಹಾಕಿಲ್ವಾ?" ಅಂತ ಒಂದೇ ಮಾತು ಕೇಳಿದರಂತೆ. ಅಕ್ಕ ಅದನ್ನು ನನಗೆ ಹೇಳುವಾಗ ಅವರ ಕಣ್ಣು ತುಂಬಿತ್ತು. ಮೇಲಿನ ಕೇರಿಯವರು ಮರುದಿನವೇ ದುಡ್ಡು ತಂದುಕೊಟ್ಟರು, ಆ ಮಾತು ಬೇರೆ.

ಮೂರನೆಯದು ಒಂದು ಸಂಜೆಯ ಹಾಲು ಪೂರ್ತಿ ಮಾಯವಾದದ್ದು. ಮಾವ ಕೌಂಟರ್‌ನ ಕಂಪ್ಯೂಟರ್‌ನಲ್ಲಿ ಸಂಜೆಯ ಎಂಟ್ರಿ ಹಾಕಿದರು. ಅಕ್ಕ ಮನೆಯಲ್ಲಿ ಅದೇ ಫೈಲಿನ ಬೆಳಗಿನ ಪ್ರತಿಯಲ್ಲಿ ಏನೋ ತಿದ್ದುತ್ತಿದ್ದರು. ಮರುದಿನ ಪೆನ್‌ಡ್ರೈವ್‌ನಿಂದ ತಮ್ಮ ಪ್ರತಿಯನ್ನು ಮೇಲೆ ಹಾಕಿದರು. ಮಾವನ ಎಂಟ್ರಿಗಳೆಲ್ಲ ಹೋದವು. ಪುಣ್ಯಕ್ಕೆ ಸದಸ್ಯರ ಕೈಯಲ್ಲಿ ಪಾಸ್‌ಬುಕ್ ಇರುತ್ತದೆ. ಎರಡು ದಿನ ಜಗಲಿಯ ಮೇಲೆ ಕೂತು ಒಬ್ಬೊಬ್ಬರ ಪಾಸ್‌ಬುಕ್ ಓದಿಸಿ ಮತ್ತೆ ಬರೆದರು.

ಇಂಥದ್ದು ದೊಡ್ಡವರಿಗೂ ಆಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 16,000 ಕೋವಿಡ್ ಪ್ರಕರಣಗಳು ಲೆಕ್ಕದಿಂದ ಬಿಟ್ಟುಹೋಗಿದ್ದವು. ಎಕ್ಸೆಲ್‌ನ ಹಳೇ ಮಾದರಿಯ ಫೈಲಿನಲ್ಲಿ 65,536 ಸಾಲಿಗಿಂತ ಜಾಸ್ತಿ ಹಿಡಿಸುವುದಿಲ್ಲ, ಅದರಾಚೆಯವು ಸದ್ದಿಲ್ಲದೆ ಉದುರಿಹೋಗಿದ್ದವು. ಅಕ್ಕನಿಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಹಗುರಾದರು. ಎಚ್ಚರ ತಪ್ಪಿದ್ದಕ್ಕೆ ಹೀಗಾಯಿತು ಅಂತ ಅವರು ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ಅವರಷ್ಟು ಎಚ್ಚರ ಇರುವವರನ್ನು ನಾನು ಕಂಡಿಲ್ಲ. ಒಂದೇ ಸಂಗತಿಯನ್ನು 60 ಕಡೆ ಬರೆದಿಟ್ಟರೆ ಎಂಥ ಎಚ್ಚರವೂ ಸಾಲುವುದಿಲ್ಲ.

ಮೊದಲ ಪ್ರಯತ್ನ, ಅದರ ಸೋಲು

ನಾನು ಬೇಗ ಮುಗಿಸಿಬಿಡೋಣ ಅಂದುಕೊಂಡೆ. ಎಕ್ಸೆಲ್ ಶೀಟನ್ನು ಹಾಗೇ ಒಂದು ಡೇಟಾಬೇಸ್‌ಗೆ ಸುರಿದೆ. ಒಂದೇ ದೊಡ್ಡ ಟೇಬಲ್, ಅವವೇ ಕಾಲಂಗಳು. ಸದಸ್ಯರನ್ನು ಗುರುತಿಸಲು ಫೋನ್ ನಂಬರ್ ಇಟ್ಟೆ. ಎರಡು ವಾರದಲ್ಲಿ ಅದು ಕುಸಿಯಿತು. ಒಂದು ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೂ ಸದಸ್ಯರು, ಫೋನ್ ಒಂದೇ, ಅದೂ ಮಗನದು. ಇನ್ನೊಬ್ಬರು ಸಿಮ್ ಬದಲಿಸಿದರು, ಅವರ ಹಳೇ ಹಾಲೆಲ್ಲ ಬೇರೆ ಯಾರದೋ ಹಾಗೆ ಕಾಣತೊಡಗಿತು. ಕೋಡ್ ಬದಲಿಸುವ ಕಷ್ಟವಂತೂ ಹಾಗೇ ಇತ್ತು, ಏಕೆಂದರೆ ಬ್ಯಾಂಕ್ ವಿವರ ಈಗಲೂ ಪ್ರತಿ ಸಾಲಿನಲ್ಲಿತ್ತು.

ಹೊಸಬರು ಇಲ್ಲೇ ಎಡವುವುದು. ಡೇಟಾಬೇಸ್ ಅಂದರೆ ಜಾಸ್ತಿ ಸಾಲು ಹಿಡಿಸುವ ಎಕ್ಸೆಲ್ ಅಂದುಕೊಂಡುಬಿಡುತ್ತಾರೆ. ನಾನು ಇಷ್ಟು ವರ್ಷ ಇದೇ ಕೆಲಸದಲ್ಲಿದ್ದೂ ಅವಸರದಲ್ಲಿ ಹಾಗೇ ಮಾಡಿದೆ. ಮಾಹಿತಿಯ ರಾಶಿ ಡೇಟಾಬೇಸ್. ಆ ರಾಶಿಯ ಬಾಗಿಲಲ್ಲಿ ಕೂತು, ಏನು ಒಳಗೆ ಬರಬಹುದು, ಏನು ಬರಬಾರದು, ಇಬ್ಬರು ಒಟ್ಟಿಗೆ ಬರೆದರೆ ಏನು ಮಾಡಬೇಕು, ಅರ್ಧಕ್ಕೆ ನಿಂತರೆ ಏನು ಮಾಡಬೇಕು ಅಂತ ನೋಡಿಕೊಳ್ಳುವುದು ಡಿಬಿಎಂಎಸ್. ನಾವು ನಿಯಮವನ್ನೇ ಹೇಳದಿದ್ದರೆ ಅದು ಏನನ್ನು ಕಾಯಬೇಕು?

ಬದಲಾದ ಗಳಿಗೆ

ಫೋನ್ ನಂಬರ್ ಬೇಡ, ಆಧಾರ್ ಹಾಕೋಣವಾ ಅಂತ ಅಕ್ಕ ಕೇಳಿದರು. ನನಗೆ ಅದು ಸರಿ ಅನಿಸಲಿಲ್ಲ. ಹಾಲಿನ ಪ್ರತಿ ಸಾಲಿನ ಪಕ್ಕ ಜನರ ಆಧಾರ್ ನಂಬರ್ ಬಿದ್ದಿರುವುದು ಒಳ್ಳೆಯದಲ್ಲ. ಸಾಲು ನಿಂತವರ ಹತ್ತಿರ 12 ಅಂಕಿ ಕೇಳುವುದೂ ಆಗದ ಮಾತು. ಹಾಗಾದರೆ ಏನು? ಉತ್ತರ ಹೊಳೆಯಲಿಲ್ಲ. ಸುಮ್ನೆ ನೋಡೋಣ ಅಂತ ಮರುದಿನ ಬೆಳಿಗ್ಗೆ ಆರಕ್ಕೆ ಡೇರಿಗೆ ಹೋಗಿ ಒಂದು ಮೂಲೆಯಲ್ಲಿ ನಿಂತೆ.

ಮಾವ ಯಾರ ಹೆಸರನ್ನೂ ಕರೆಯುತ್ತಿರಲಿಲ್ಲ. "ನಲವತ್ತೇಳು, ಆರೂವರೆಗೆ ಕಮ್ಮಿ. ನಲವತ್ತೆಂಟ್ ಬಂದಿಲ್ವಾ ಇವತ್ತು? ನೂರಾ ಮೂರು, ಮುಂದಕ್ ಬಾ." ಕ್ಯಾನ್ ಮುಚ್ಚಳದ ಮೇಲೆ ಕೆಂಪು ಬಣ್ಣದಲ್ಲಿ ಬರೆದ ನಂಬರ್. ನಾನು ಹತ್ತಿರ ಹೋಗಿ ಕೇಳಿದೆ, ಮಾವ, ನೀವು ಹೆಸರು ಬರೆದುಕೊಳ್ಳೋದೇ ಇಲ್ವಾ ಅಂತ.

"ಹೆಸ್ರು ಯಾರಿಗ್ ಬೇಕು ಕಣಪ್ಪ? ಲಕ್ಷ್ಮಮ್ಮ ಅಂದ್ರೆ ಐದ್ ಜನ ತಿರುಗ್ತಾರೆ. ನಲವತ್ತೇಳು ಅಂದ್ರೆ ಒಬ್ರೇ ಬರ್ತಾರೆ."

ಪ್ರೈಮರಿ ಕೀ ಬಗ್ಗೆ ಇದಕ್ಕಿಂತ ಚೆನ್ನಾದ ವಿವರಣೆಯನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಕರೆದರೆ ಒಬ್ಬರೇ ತಿರುಗಬೇಕು. ಸಂಘ ಶುರುವಾದ ದಿನದಿಂದ ಆ ನಂಬರ್ ಅಲ್ಲೇ ಇತ್ತು. ಕಂಪ್ಯೂಟರ್ ಬಂದಾಗ ನಾವೇ ಅದನ್ನು ಬಿಟ್ಟು ಹೆಸರಿನ ಹಿಂದೆ ಹೋಗಿದ್ದೆವು.

ಆ ಮಧ್ಯಾಹ್ನ ಅಕ್ಕನ ಜೊತೆ ಕೂತು ಹಾಳೆಯ ಮೇಲೆ ಟೇಬಲ್‌ಗಳನ್ನು ಬಿಡಿಸಿದೆ. ಸದಸ್ಯರು ಒಂದು ಟೇಬಲ್: ನಂಬರ್, ಹೆಸರು, ಕೋಂ ಅಥವಾ ಬಿನ್, ಫೋನ್, ಖಾತೆ, ಐಎಫ್‌ಎಸ್‌ಸಿ. ಒಬ್ಬರಿಗೆ ಒಂದೇ ಸಾಲು. ಹಾಲು ಇನ್ನೊಂದು ಟೇಬಲ್. ಅದರ ಒಂದು ಸಾಲು ಹೀಗಿರುತ್ತದೆ: 47, ಜುಲೈ 12, ಬೆಳಿಗ್ಗೆ, 6.4 ಲೀಟರ್, ಫ್ಯಾಟ್ 4.1, ಎಸ್‌ಎನ್‌ಎಫ್ 8.5. ಹೆಸರಿಲ್ಲ, ಬ್ಯಾಂಕ್ ಇಲ್ಲ. 47 ಯಾರು ಅಂತ ಬೇಕಾದರೆ ಸದಸ್ಯರ ಟೇಬಲ್ ನೋಡಿಕೊಳ್ಳಬೇಕು. ಪಶು ಆಹಾರದ್ದು ಒಂದು, ಬಟವಾಡೆಯದು ಒಂದು, ದರದ್ದು ಒಂದು. ಅಕ್ಕ ಸ್ವಲ್ಪ ಹೊತ್ತು ಹಾಳೆ ನೋಡಿದರು. "ಅಂದ್ರೆ ಐಎಫ್‌ಎಸ್‌ಸಿ ಬದಲಾದ್ರೆ ಒಂದೇ ಕಡೆ ತಿದ್ದಿದ್ರೆ ಸಾಕಾ?" ಅಂದರು. ಸಾಕು ಅಂದೆ. ನಾರ್ಮಲೈಸೇಷನ್ ಅನ್ನುವುದು ಇದನ್ನೇ. ಏಳು ಜನರ ದುಡ್ಡು ವಾಪಸ್ ಬಂದದ್ದು ಇಬ್ಬರಿಗೂ ನೆನಪಾಯಿತು.

ಸಂಗತಿಗಳನ್ನು ಹೀಗೆ ಟೇಬಲ್‌ಗಳಾಗಿ ಬಿಡಿಸಿ, ಒಳಗಿನ ಮೌಲ್ಯಗಳ ಮೂಲಕವೇ ಒಂದನ್ನೊಂದು ಜೋಡಿಸುವ ವಿಚಾರವನ್ನು 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಬರೆದರು. ಅದಕ್ಕೂ ಮೊದಲಿನ ಡೇಟಾಬೇಸ್‌ಗಳಲ್ಲಿ ಮಾಹಿತಿ ಎಲ್ಲಿದೆ, ಯಾವ ದಾರಿ ಹಿಡಿದು ಅಲ್ಲಿಗೆ ಹೋಗಬೇಕು ಅನ್ನುವುದನ್ನು ಪ್ರೋಗ್ರಾಂ ಬರೆಯುವವರೇ ತಿಳಿದಿರಬೇಕಿತ್ತು. ದಾರಿ ನೆನಪಿಡುವ ಆ ಭಾರವನ್ನು ಕಾಡ್ ಅವರು ಬಳಸುವವರ ತಲೆಯ ಮೇಲಿಂದ ಇಳಿಸಿದರು. ಏನು ಬೇಕು ಅಂತ ಕೇಳಿದರೆ ಸಾಕು, ದಾರಿ ಹುಡುಕುವುದು ಡೇಟಾಬೇಸ್‌ನ ಕೆಲಸ. ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಎಸ್‌ಕ್ಯೂಎಲ್ ಭಾಷೆ ಹುಟ್ಟಿದ್ದೂ ಇದೇ ವಿಚಾರದಿಂದ.

ಯಾವ ಡೇಟಾಬೇಸ್?

ಪೋಸ್ಟ್‌ಗ್ರೆಸ್ ಅನ್ನುವ ದೊಡ್ಡ ಡಿಬಿಎಂಎಸ್ ಹಾಕಬೇಕು ಅಂತ ನನಗೆ ಆಸೆ ಇತ್ತು. ಆದರೆ ಅದು ಸರ್ವರ್, ಅಂದರೆ ಹಿನ್ನೆಲೆಯಲ್ಲಿ ಸದಾ ಓಡುತ್ತಿರಬೇಕಾದ ಪ್ರೋಗ್ರಾಂ. ಅದನ್ನು ನೋಡಿಕೊಳ್ಳಲು ಒಬ್ಬರು ಬೇಕು. ನಾನು ಊರು ಬಿಟ್ಟ ಮೇಲೆ ಯಾರು? ಡೇರಿಯಲ್ಲಿ ಕಂಪ್ಯೂಟರ್ ಇರುವುದು ಒಂದು, ಒಂದು ಹೊತ್ತಿಗೆ ಬರೆಯುವವರು ಒಬ್ಬರು. ಅದಕ್ಕೆ ಎಸ್‌ಕ್ಯೂಲೈಟ್ ಆರಿಸಿದೆವು. ಇಡೀ ಡೇಟಾಬೇಸ್ ಒಂದೇ ಫೈಲು, ಸರ್ವರ್ ಬೇಡ, ದುಡ್ಡು ಬೇಡ. ರಿಚರ್ಡ್ ಹಿಪ್ ಇದನ್ನು 2000ರಲ್ಲಿ ಹೊರತಂದರು. ನಮ್ಮೆಲ್ಲರ ಆಂಡ್ರಾಯ್ಡ್ ಫೋನಿನೊಳಗೂ ಇದೇ ಇದೆ. ಮನೆಯಿಂದ ಬೇರೆ ಪ್ರತಿ ತಿದ್ದುವುದನ್ನು ಪೂರ್ತಿ ನಿಲ್ಲಿಸಿದೆವು. ಅಕ್ಕನಿಗೆ ಅದು ಕಷ್ಟವಾಯಿತು, ಮಕ್ಕಳನ್ನು ಮಲಗಿಸಿ ಲೆಕ್ಕ ನೋಡುವ ಅಭ್ಯಾಸ ಅವರದು. ಓದಲು ಮಾತ್ರ ಒಂದು ಪ್ರತಿ ಕೊಟ್ಟೆ, ಅದರಲ್ಲಿ ಏನು ತಿದ್ದಿದರೂ ಡೇರಿಗೆ ಬರುವುದಿಲ್ಲ.

ಎಸ್‌ಕ್ಯೂಲೈಟ್ ಆರಿಸಿದ್ದು ಸರಿ ಅಂತ ಈಗಲೂ ಅನ್ನುತ್ತೇನೆ. ಆದರೆ ಅದು ನಮಗೆ ಎರಡು ಪಾಠ ಕಲಿಸಿತು, ಎರಡೂ ದುಬಾರಿಯಾಗಬಹುದಿತ್ತು.

ಮೊದಲನೆಯದು: ಹಾಲಿನ ಟೇಬಲ್‌ನಲ್ಲಿ ಬರುವ ನಂಬರ್ ಸದಸ್ಯರ ಟೇಬಲ್‌ನಲ್ಲಿ ಇರಲೇಬೇಕು ಅಂತ ನಾನು ಫಾರಿನ್ ಕೀ ಬರೆದಿದ್ದೆ. ಮೂರನೇ ದಿನ ಒಟ್ಟು ಹಾಲು ಸರಿ ಇದೆ, ಎಲ್ಲರ ಬಿಲ್ ಕೂಡಿದರೆ ಕಮ್ಮಿ. ಹುಡುಕಿದರೆ 1742 ಅನ್ನುವ ನಂಬರ್‌ಗೆ ಒಂದು ಎಂಟ್ರಿ. ಇರುವುದೇ 215 ಜನ. 174 ಒತ್ತುವಾಗ ಇನ್ನೊಂದು ಅಂಕಿ ಬಿದ್ದಿತ್ತು. ಫಾರಿನ್ ಕೀ ತಡೆಯಲಿಲ್ಲ ಯಾಕೆ? ಎಸ್‌ಕ್ಯೂಲೈಟ್‌ನಲ್ಲಿ ಆ ಕಾವಲು ಸಾಮಾನ್ಯವಾಗಿ ಆಫ್ ಆಗಿರುತ್ತದೆ. ಡೇಟಾಬೇಸ್ ತೆರೆದಾಗಲೆಲ್ಲ ಅದನ್ನು ಆನ್ ಮಾಡಬೇಕು. ನಿಯಮ ಬರೆದಿದ್ದೆ, ಅದು ಎಚ್ಚರವಾಗಿದೆಯಾ ಅಂತ ನೋಡಿರಲಿಲ್ಲ. ಆ ದಿನದಿಂದ ಯಾವ ನಿಯಮ ಬರೆದರೂ ಬೇಕಂತಲೇ ಒಂದು ತಪ್ಪು ಎಂಟ್ರಿ ಹಾಕಿ, ಅದು ಬೈಯುತ್ತದಾ ಅಂತ ನೋಡುತ್ತೇನೆ.

ಎರಡನೆಯದನ್ನು ನಾನು ಮರೆಯುವಂತಿಲ್ಲ. ಒಂದು ಬೆಳಿಗ್ಗೆ ಕ್ಯಾನ್‌ಗಳ ಲೆಕ್ಕ 846 ಲೀಟರ್. ಡೇಟಾಬೇಸ್ ಕೂಡಿ ಹೇಳಿದ್ದು 812. ಎಂಟ್ರಿ ಯಾವುದೂ ಬಿಟ್ಟುಹೋಗಿರಲಿಲ್ಲ, ಒಂದೊಂದೇ ಟಿಕ್ ಹಾಕಿ ನೋಡಿದೆವು. ಎಲ್ಲ ಇವೆ. 34 ಲೀಟರ್ ಎಲ್ಲಿ? ಅರ್ಧ ಗಂಟೆ ಪರದೆ ದಿಟ್ಟಿಸಿದ ಮೇಲೆ ಅಕ್ಕ ಬೆರಳಿಟ್ಟು ತೋರಿಸಿದರು. ಐದು ಸಾಲುಗಳಲ್ಲಿ ಲೀಟರ್ ಕನ್ನಡ ಅಂಕಿಯಲ್ಲಿತ್ತು: ೬.೪, ೮.೨, ೫.೧, ೭.೩, ೭.೦. ಯಾರದೋ ಹೆಸರು ತಿದ್ದಲು ಕನ್ನಡ ಕೀಬೋರ್ಡ್ ಆನ್ ಮಾಡಿದ್ದರು. ಅಂಕಿಯೂ ಕನ್ನಡದಲ್ಲೇ ಬೀಳುವ ಸೆಟ್ಟಿಂಗ್ ಇತ್ತು. ವಾಪಸ್ ಬದಲಿಸುವಷ್ಟರಲ್ಲಿ ಐದು ಜನ ಮುಗಿದಿದ್ದರು.

ನಮ್ಮ ಕಣ್ಣಿಗೆ ೬.೪ ಮತ್ತು 6.4 ಒಂದೇ. ಎಸ್‌ಕ್ಯೂಲೈಟ್‌ಗೆ ಮೊದಲನೆಯದು ಬರೀ ಅಕ್ಷರ. ಅಂಕಿಯ ಕಾಲಂ ಅಂತ ಹೇಳಿದ್ದರೂ ಅದು ಅಕ್ಷರವನ್ನು ತಡೆಯದೆ ಒಳಗೆ ಬಿಟ್ಟುಕೊಳ್ಳುತ್ತದೆ. ಕೂಡುವಾಗ ಸೊನ್ನೆ ಅಂತ ಹಿಡಿಯುತ್ತದೆ. ತಪ್ಪಾಗಿದೆ ಅನ್ನುವುದಿಲ್ಲ. ನಮ್ಮದೇ ಭಾಷೆಯ ಅಂಕಿ ಬರೆದದ್ದಕ್ಕೆ ಐದು ಮನೆಯ ಹಾಲು ಸೊನ್ನೆಯಾಗುತ್ತಿತ್ತು. ಎರಡು ಕೆಲಸ ಮಾಡಿದೆವು. ಎಂಟ್ರಿ ಪರದೆಯಲ್ಲಿ ಕನ್ನಡ ಅಂಕಿ ಬಿದ್ದರೆ ತಾನಾಗಿ 0-9ಕ್ಕೆ ಬದಲಾಗುವ ಹಾಗೆ ಬರೆದೆ. ಟೇಬಲ್‌ಗೆ ಚೆಕ್ ನಿಯಮ ಹಾಕಿದೆ: ಲೀಟರ್ ಅಂಕಿಯೇ ಆಗಿರಬೇಕು, ಸೊನ್ನೆಗಿಂತ ಜಾಸ್ತಿ ಇರಬೇಕು, ಫ್ಯಾಟ್ 2ರಿಂದ 12ರ ಒಳಗಿರಬೇಕು. ಫ್ಯಾಟ್‌ನ ಮಿತಿ ಅಕ್ಕನ ಸಲಹೆ. ಚುಕ್ಕಿ ಮರೆತು 4.1 ಬದಲು 41 ಒತ್ತುವುದು ವಾರಕ್ಕೊಂದು ಸಲ ಆಗುತ್ತದಂತೆ. ಎಸ್‌ಕ್ಯೂಲೈಟ್‌ನ 3.37ನೇ ಆವೃತ್ತಿಯಿಂದ ಟೇಬಲ್ ಮಾಡುವಾಗಲೇ ಸ್ಟ್ರಿಕ್ಟ್ ಅಂತ ಹೇಳಬಹುದು. ಆಗ ಅಂಕಿಯ ಕಾಲಂಗೆ ಅಕ್ಷರ ಬಂದರೆ ತಳ್ಳಿಬಿಡುತ್ತದೆ. ಅದು ಬಂದದ್ದು 2021ರ ನವೆಂಬರ್‌ನಲ್ಲಿ, ನಾವು ಅಷ್ಟರಲ್ಲಿ ಶುರು ಮಾಡಿಯಾಗಿತ್ತು. ಈಗ ಹೊಸದಾಗಿ ಮಾಡುವವರು ಮೊದಲ ದಿನವೇ ಹಾಕಿಕೊಳ್ಳಿ.

ಕನ್ನಡದಲ್ಲಿ ಹೆಸರು ಇಡುವವರಿಗೆ ಇನ್ನೊಂದು ಮಾತು. ಲಕ್ಷ್ಮಮ್ಮ, ಲಕ್ಷಮ್ಮ ಎರಡೂ ಬರೆಯುತ್ತಾರೆ, ಅದು ಕಣ್ಣಿಗೆ ಕಾಣುತ್ತದೆ. ಅರ್ಧಾಕ್ಷರದಲ್ಲಿ ಮುಗಿಯುವ ಹೆಸರುಗಳ ಕೊನೆಗೆ ಕೆಲವು ಕೀಬೋರ್ಡ್‌ಗಳು ಕಾಣದ ಒಂದು ಅಕ್ಷರ ಸೇರಿಸುತ್ತವೆ. ಪರದೆ ಮೇಲೆ ಎರಡು ‘ಸುರೇಶ್’ ಒಂದೇ ಥರ ಕಂಡರೂ ಕಂಪ್ಯೂಟರ್‌ಗೆ ಅವು ಬೇರೆ ಬೇರೆ. ಹೆಸರನ್ನು ಕೀ ಮಾಡಬಾರದು ಅನ್ನಲು ನಮ್ಮ ಭಾಷೆಯಲ್ಲಿ ಇದೂ ಒಂದು ಕಾರಣ.

ಪ್ಲಗ್ ಕಿತ್ತ ರಾತ್ರಿ

ಬಟವಾಡೆಯಲ್ಲಿ ಒಬ್ಬ ಸದಸ್ಯರಿಗೆ ಮೂರು ಬರಹ ಆಗಬೇಕು. ಹಾಲಿನ ಸಾಲುಗಳಿಗೆ ‘ಪಾವತಿ ಆಗಿದೆ’ ಅಂತ ಗುರುತು, ಪಶು ಆಹಾರದ ಬಾಕಿಯಲ್ಲಿ ಕಡಿತ, ಬಟವಾಡೆ ಟೇಬಲ್‌ಗೆ ಒಂದು ಹೊಸ ಸಾಲು. ಮೊದಲ ಬಟವಾಡೆಯ ಸಂಜೆ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿತ್ತು. ಕರೆಂಟ್ ಬಂದ ಮೇಲೆ ನೋಡಿದರೆ ಒಬ್ಬರ ಬೂಸಾ ದುಡ್ಡು ಮುರಿದುಕೊಂಡಿದೆ, ಅವರಿಗೆ ಬಟವಾಡೆಯ ಸಾಲೇ ಇಲ್ಲ. ಅವರ ಹಿಂದಿನವರೆಲ್ಲ ಮುಗಿದಿದ್ದರು, ಮುಂದಿನವರು ಶುರುವಾಗಿರಲಿಲ್ಲ. ಹಾಗಾಗಿ ಸಿಕ್ಕಿತು. ಸಿಗದೇ ಹೋಗಿದ್ದರೆ?

ತಪ್ಪು ನನ್ನದು. ಮೂರು ಬರಹಗಳನ್ನು ಬೇರೆ ಬೇರೆಯಾಗಿ ಬಿಟ್ಟಿದ್ದೆ. ಅವನ್ನು ಒಂದು ಟ್ರಾನ್ಸಾಕ್ಷನ್ ಆಗಿ ಕಟ್ಟಬೇಕು. ಕಟ್ಟಿದ ಮೇಲೆ ಮೂರೂ ಆಗಬೇಕು, ಇಲ್ಲ ಒಂದೂ ಆಗಬಾರದು. ಎಲ್ಲ ಮುಗಿದ ಮೇಲೆ ಕಮಿಟ್ ಅಂದರೆ ಮಾತ್ರ ನಿಲ್ಲುತ್ತದೆ, ನಡುವೆ ಏನಾದರೂ ಆದರೆ ಹಿಂದಿನ ಸ್ಥಿತಿಗೆ ಮರಳುತ್ತದೆ. ಅದು ಹೇಗೆ ಮರಳುತ್ತದೆ ಅಂತ ಅಕ್ಕ ಕೇಳಿದರು, ಕರೆಂಟೇ ಇಲ್ಲದಾಗ ಯಾರು ಅಳಿಸ್ತಾರೆ? ಒಳ್ಳೇ ಪ್ರಶ್ನೆ. ಎಸ್‌ಕ್ಯೂಲೈಟ್ ಯಾವುದನ್ನಾದರೂ ತಿದ್ದುವ ಮೊದಲು ಅದು ಹೇಗಿತ್ತೋ ಹಾಗೇ ಪಕ್ಕದ ಒಂದು ಜರ್ನಲ್ ಫೈಲಿನಲ್ಲಿ ಬರೆದಿಡುತ್ತದೆ. ಕೆಲಸ ಮುಗಿದರೆ ಆ ಫೈಲನ್ನು ತೆಗೆದುಹಾಕುತ್ತದೆ. ಮುಂದಿನ ಸಲ ತೆರೆದಾಗ ಜರ್ನಲ್ ಇನ್ನೂ ಉಳಿದಿದೆ ಅಂದರೆ ಕೆಲಸ ಅರ್ಧಕ್ಕೆ ನಿಂತಿದೆ ಅಂತ ಅರ್ಥ. ಅದನ್ನು ನೋಡಿ ಹಳೆಯದನ್ನು ವಾಪಸ್ ಇಡುತ್ತದೆ.

ನನ್ನ ಮಾತನ್ನು ಅವರು ಸುಮ್ಮನೆ ನಂಬಲಿಲ್ಲ. ನಂಬಬೇಕಾಗಿಯೂ ಇರಲಿಲ್ಲ. ಸರಿಪಡಿಸಿದ ಮೇಲೆ ಒಂದು ರಾತ್ರಿ ಪ್ರತಿ ತೆಗೆದಿಟ್ಟು ಸುಳ್ಳು ಬಟವಾಡೆ ಓಡಿಸಿದೆವು. ನೂರು ದಾಟುವಾಗ ಮಾವ ಗೋಡೆಯ ಪ್ಲಗ್ ಕಿತ್ತರು. ಕಂಪ್ಯೂಟರ್ ಮತ್ತೆ ಹಾಕಿ ಲೆಕ್ಕ ನೋಡಿದೆವು. ಅರ್ಧಕ್ಕೆ ನಿಂತವರು ಒಬ್ಬರೂ ಇಲ್ಲ. ಮಾವ ಇನ್ನೆರಡು ಸಲ ಕಿತ್ತರು. ಮೂರನೇ ಸಲ ಆದ ಮೇಲೆ ಅಕ್ಕ, "ಇನ್ನು ಲೆಡ್ಜರ್ ನಿಲ್ಲಿಸ್ತೀನಿ" ಅಂದರು. ಅಲ್ಲಿಯವರೆಗೆ ಅವರು ನನಗೆ ಹೇಳದೆ ಪುಸ್ತಕದಲ್ಲೂ ಬರೆಯುತ್ತಿದ್ದರು. ಅದು ಗೊತ್ತಾಗಿ ನನಗೆ ಅವರ ಮೇಲಿನ ಗೌರವ ಇನ್ನೂ ಹೆಚ್ಚಾಯಿತು.

ಹಳೇ ದರ, ಹಳೇ ನಂಬರ್

ದರದ ವಿಷಯದಲ್ಲಿ ನಾವು ಒಂದು ದಿನ ಪೂರ್ತಿ ವಾದ ಮಾಡಿದೆವು. ಮೊತ್ತವನ್ನು ಬರೆದಿಡಬಾರದು, ಲೀಟರ್ ಮತ್ತು ದರದಿಂದ ಆಗಾಗ ಲೆಕ್ಕ ಹಾಕಿಕೊಳ್ಳಬೇಕು ಅಂತ ನಾನು. ಒಂದೇ ಸಂಗತಿ ಎರಡು ಕಡೆ ಇರಬಾರದು, ಪುಸ್ತಕದ ಪಾಠ ಅದು. ಆದರೆ ನಮ್ಮ ಹಾಲು ಕೊಳ್ಳುವ ಒಕ್ಕೂಟ ದರ ಬದಲಿಸಿದ ದಿನ ಹಿಂದಿನ ತಿಂಗಳ ಬಿಲ್ ತೆಗೆದರೆ ಅದೂ ಬದಲಾಗಿತ್ತು. ಕೊಟ್ಟು ಮುಗಿದ ದುಡ್ಡಿಗೆ ಹೊಸ ಲೆಕ್ಕ! ಅಕ್ಕ ಹೇಳಿದ್ದು ಸರಿ ಇತ್ತು: ಅವತ್ತು ಯಾವ ದರಕ್ಕೆ ಕೊಂಡೆವು ಅನ್ನುವುದು ಅವತ್ತಿನ ಸಂಗತಿ, ಇವತ್ತಿನ ದರ ಬೇರೆ ಸಂಗತಿ. ದರದ ಟೇಬಲ್‌ಗೆ ಯಾವತ್ತಿನಿಂದ ಅಂತ ತಾರೀಕು ಸೇರಿಸಿದೆವು. ಹಾಲಿನ ಪ್ರತಿ ಸಾಲಿನಲ್ಲಿ ಆ ಹೊತ್ತಿನ ದರವನ್ನೂ ಬರೆದಿಟ್ಟೆವು.

ತಾರೀಕಿನ ಮಹತ್ವ ಇನ್ನೊಂದು ಕಡೆಯೂ ಕಂಡಿತು. ಹಳೇ ವರ್ಷಗಳ ಲೆಕ್ಕ ತುಂಬುವಾಗ 112 ನಂಬರ್‌ನ ಹೊಸ ಸದಸ್ಯೆಯ ಹೆಸರಿನಲ್ಲಿ, ಅವರು ಮದುವೆಯಾಗಿ ಈ ಊರಿಗೆ ಬರುವ ಮೊದಲಿನ ಹಾಲು ಕಾಣಿಸಿತು. ತೀರಿಕೊಂಡವರ ನಂಬರನ್ನು ಡೇರಿಯಲ್ಲಿ ಹೊಸಬರಿಗೆ ಕೊಡುವ ರೂಢಿ ಇತ್ತು. ಕರೆದರೆ ಒಬ್ಬರೇ ತಿರುಗಬೇಕು ಅಂದಿದ್ದೆ. ಇವತ್ತು ಕರೆದರೆ ಒಬ್ಬರೇ. ಐದು ವರ್ಷದ ಹಿಂದಿನದನ್ನು ಕೇಳಿದರೆ ಇಬ್ಬರು.

ಕ್ಯಾನ್ ನಂಬರ್ ಬದಲಿಸಿ ಅಂತ ಊರಿಗೆ ಹೇಳಲು ಆಗುವುದಿಲ್ಲ, ಹೇಳಲೂಬಾರದು. ಒಳಗಡೆ ಪ್ರತಿ ಸದಸ್ಯರಿಗೂ ಯಾರಿಗೂ ಕಾಣದ, ಯಾವತ್ತೂ ಮರುಬಳಕೆ ಆಗದ ಒಂದು ಐಡಿ ಕೊಟ್ಟೆವು. ಹಾಲು, ಬಟವಾಡೆ ಎಲ್ಲ ಅದಕ್ಕೆ ಕಟ್ಟಿಕೊಂಡವು. ಕ್ಯಾನ್ ನಂಬರ್‌ಗೆ ಬೇರೆ ಚಿಕ್ಕ ಟೇಬಲ್: ಯಾವ ನಂಬರ್, ಯಾರ ಹತ್ತಿರ, ಯಾವತ್ತಿನಿಂದ, ಯಾವತ್ತಿನವರೆಗೆ. ಮಾವ ಎಂದಿನಂತೆ 112 ಅಂತ ಒತ್ತುತ್ತಾರೆ, ಇವತ್ತು ಅದು ಯಾರದು ಅಂತ ಡೇಟಾಬೇಸ್ ನೋಡಿಕೊಳ್ಳುತ್ತದೆ. ಈ ಬದಲಾವಣೆಗೆ ನಾಲ್ಕು ಭಾನುವಾರ ಹಿಡಿಯಿತು. ಮೊದಲೇ ಮಾವನ ಹತ್ತಿರ ಒಂದು ಪ್ರಶ್ನೆ ಕೇಳಿದ್ದರೆ, ಸದಸ್ಯರು ತೀರಿಕೊಂಡರೆ ನಂಬರ್ ಏನಾಗುತ್ತದೆ ಅಂತ, ಅಷ್ಟೂ ಭಾನುವಾರ ಉಳಿಯುತ್ತಿತ್ತು. ಈಗ ಯಾವ ಕೆಲಸಕ್ಕೆ ಕೂತರೂ ಟೇಬಲ್ ಬರೆಯುವ ಮೊದಲು ಆ ಪ್ರಶ್ನೆ ಕೇಳುತ್ತೇನೆ: ಇದು ಕೊನೆಯಾದಾಗ ಏನಾಗುತ್ತದೆ, ಕೈ ಬದಲಾದಾಗ ಏನಾಗುತ್ತದೆ.

ಏನಾಯಿತು

ಆ ಮೇಲಿನ ಬಟವಾಡೆಗಳಲ್ಲಿ ಒಬ್ಬರ ದುಡ್ಡು ಇನ್ನೊಬ್ಬರಿಗೆ ಹೋದದ್ದಿಲ್ಲ. ದಿನವೂ ಕ್ಯಾನ್ ಲೆಕ್ಕ ಮತ್ತು ಡೇಟಾಬೇಸ್ ಲೆಕ್ಕವನ್ನು ತಾಳೆ ನೋಡುವುದನ್ನು ಮಾತ್ರ ಬಿಟ್ಟಿಲ್ಲ. 34 ಲೀಟರ್ ಹಿಡಿದುಕೊಟ್ಟದ್ದು ಅದೇ. ರಾತ್ರಿ ಬ್ಯಾಕಪ್ ಆಗುತ್ತದೆ, ಪೆನ್‌ಡ್ರೈವ್ ಅಕ್ಕನ ಮನೆಗೆ ಹೋಗುತ್ತದೆ. ಬರೆಯುತ್ತಿರುವಾಗಲೇ ಫೈಲನ್ನು ಕಾಪಿ ಹೊಡೆದರೆ ಪ್ರತಿ ಕೆಡಬಹುದು. ಅದಕ್ಕೆ ಎಸ್‌ಕ್ಯೂಲೈಟ್‌ನದೇ ಬ್ಯಾಕಪ್ ಆಜ್ಞೆ ಬಳಸುತ್ತೇವೆ. ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ಒಬ್ಬರ ಬಿಲ್ ತೆಗೆದು ನೋಡುತ್ತೇವೆ. ವರ್ಷಗಳ ಲೆಕ್ಕ ಸೇರಿದ ಮೇಲೆ ಪಾಸ್‌ಬುಕ್ ಪರದೆ ನಿಧಾನವಾಯಿತು. ಸದಸ್ಯರ ಐಡಿ ಮತ್ತು ತಾರೀಕಿನ ಮೇಲೆ ಇಂಡೆಕ್ಸ್ ಹಾಕಿದೆ, ಪುಸ್ತಕದ ಕೊನೆಯ ಪದಸೂಚಿಯ ಹಾಗೆ ಅದು ಬೇಕಾದ ಸಾಲನ್ನು ಬೇಗ ಹುಡುಕಿಕೊಡುತ್ತದೆ, ಸರಿ ಹೋಯಿತು.

ನನಗೆ ಹೆಚ್ಚು ಖುಷಿ ಕೊಟ್ಟದ್ದು ಅಕ್ಕ ಕೇಳತೊಡಗಿದ ಪ್ರಶ್ನೆಗಳು. ಹತ್ತು ದಿನದಿಂದ ಹಾಲು ಹಾಕದವರು ಯಾರು ಅಂತ ಒಂದು ದಿನ ಕೇಳಿದರು. ಎರಡು ಟೇಬಲ್ ಜೋಡಿಸಿ ಒಂದು ಪ್ರಶ್ನೆ ಬರೆದುಕೊಟ್ಟೆ. ಒಂಬತ್ತು ಹೆಸರು ಬಂದವು. ಎಂಟು ಜನರದು ಹಸು ಬತ್ತಿದ್ದು. ಒಂಬತ್ತನೆಯವರು ವಯಸ್ಸಾದವರು, ಒಬ್ಬರೇ ಇರುವವರು, ಜ್ವರದಲ್ಲಿ ಮಲಗಿದ್ದರು. ಅಕ್ಕ ಆ ಸಂಜೆಯೇ ಅವರ ಮನೆಗೆ ಹೋಗಿ ಬಂದರು.

ಕಳೆದ ಸಲ ಊರಿಗೆ ಹೋದಾಗ ಅಕ್ಕ ಹಸುಗಳ ಲೆಕ್ಕವನ್ನೂ ಇದರೊಳಗೆ ತರೋಣ ಅಂದರು. ಕರು ಹಾಕಿದ ದಿನ, ಕೃತಕ ಗರ್ಭಧಾರಣೆ ಮಾಡಿಸಿದ ದಿನ, ಲಸಿಕೆ, ಎಲ್ಲ. ಪ್ರತಿ ಹಸುವಿನ ಕಿವಿಗೂ 12 ಅಂಕಿಯ ಓಲೆ ಇದೆ, ಅದನ್ನೇ ಕೀ ಮಾಡಬಹುದು ಅಂತ ನಾನು ಶುರು ಮಾಡಿದೆ. ಅಕ್ಕ ತಲೆಯಾಡಿಸಿದರು.

"ಓಲೆ ಬಿದ್ದೋದ್ರೆ ಹೊಸ ನಂಬರ್ ಹಾಕ್ತಾರೆ ಕಣೋ. ಆಮೇಲೆ ಹಸು ಮಾರಿದ್ರೆ? ಅದೇ ಹಸು ಇದೇ ಊರಲ್ಲಿ ಇನ್ನೊಬ್ರ ಕೊಟ್ಟಿಗೆಗೆ ಹೋಗುತ್ತೆ." ಹಾಲಿನ ರಸೀದಿಯೊಂದನ್ನು ಮಗುಚಿ ಅದರ ಬೆನ್ನ ಮೇಲೆ ಮೂರು ಚೌಕ ಬರೆದರು. ಒಂದರಲ್ಲಿ ಹಸು, ಒಂದರಲ್ಲಿ ಸದಸ್ಯರು. ನಡುವಿನದರಲ್ಲಿ ಹಸು ಯಾವುದು, ಯಾರ ಹತ್ತಿರ, ಯಾವತ್ತಿನಿಂದ, ಯಾವತ್ತಿನವರೆಗೆ.